ಪತ್ರಿಕೆಗೆ ಸಿಗದ ಹೆಸರು

“ಹೆಸರೊಂದು ಕೊಡಬೇಡಿ ಸ್ವಾಮಿ. ಬೇಕಾದ್ದು ಬರೆದುಕೊಳ್ಳಲಿ, ಹೆಸರೊಂದು ಬೇಡ.”

ಬಾರ್ಟ್ಲಿ ಕ್ವಿಲ್ಟಿ ಜೈಲಿನ ಮುಖ್ಯಾಧಿಕಾರಿಯ ತೋಳು ಹಿಡಿದುಕೊಂಡಿದ್ದ. ಬೆಳಗಿನ ಏಳು ಗಂಟೆ. ಗಲ್ಲು ಎಂಟಕ್ಕೆ. ಕ್ಯಾಪ್ಟನ್ ಆರ್ಚ್‌ಡೇಲ್ ತೋಳು ಬಿಡಿಸಿಕೊಂಡು, ಅವನ ಕೈ ತಾಗಿದ ಜಾಗವನ್ನು ಕರವಸ್ತ್ರದಿಂದ ಒರೆಸಿಕೊಂಡ.

“ನನ್ನ ಪುಸ್ತಕದಲ್ಲಿ ನೀನು ಥಾಮಸ್ ಬ್ರೌನ್. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”

“ಪತ್ರಿಕೆಯವರು?”

“ಮೂವರು ಬಂದಿದ್ದಾರೆ. ಒಳಗೆ ಬಿಡಿ ಅಂತ ಜಿಲ್ಲೆಯ ಷರೀಫರೇ ಹೇಳಿದ್ದಾರೆ. ನಾನು ಬೇಡ ಅಂದರೆ ಕೇಳೋರು ಯಾರು?”

“ನನ್ನ ಮುಖಕ್ಕೆ ಬಟ್ಟೆ ಹಾಕ್ತೀರಿ ತಾನೆ?”

“ಗಲ್ಲಿನ ಹಲಗೆ ಮೇಲೆ ನಿಲ್ಲೋ ಇಬ್ಬರಿಗೂ ಹಾಕ್ತೀವಿ.”

ಕ್ಯಾಪ್ಟನ್ ಹೊರಗೆ ಹೋದ. ಬಾಗಿಲಿಗೆ ಆಚೆಯಿಂದ ಬೀಗ ಬಿತ್ತು.

ಅಪ್ಪನ ಕಾಲದಲ್ಲಿ ಐರ್ಲೆಂಡಿನಲ್ಲಿ ಇದೆಲ್ಲ ಜೈಲಿನ ಹೆಬ್ಬಾಗಿಲ ಮುಂದೆ, ಸಂತೆಗೆ ನೆರೆದಂತೆ ನೆರೆದ ಜನರ ಎದುರು ನಡೆಯುತ್ತಿತ್ತು. ಈಗ ಕಾನೂನು ಬದಲಾಗಿ ಗೋಡೆಯ ಮರೆಗೆ ಬಂದಿದೆ. ಒಳ್ಳೆಯದೇ. ಆದರೆ ಪತ್ರಿಕೆಯವನ ಪೆನ್ಸಿಲ್ಲೇ ಒಳಗೆ ಬಂದ ಮೇಲೆ ಗೋಡೆ ಎಷ್ಟು ಎತ್ತರವಿದ್ದು ಏನು ಬಂತು? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ.

ಅವನ ಹೆದರಿಕೆಯೆಲ್ಲ ಊನಾಳ ಕುರಿತು. ತಾಯಿಯಿಲ್ಲದ ಒಬ್ಬಳೇ ಮಗಳು. ಅವರಿದ್ದ ಬೀದಿಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಶನಿವಾರ ವಾರಪತ್ರಿಕೆ ಬಂತೆಂದರೆ ನೆರೆಹೊರೆಯವರೆಲ್ಲ ಅವಳ ಒಲೆಯ ಸುತ್ತ ಬಂದು ಕೂರುತ್ತಾರೆ. ದನದ ಧಾರಣೆ ಯಾರಿಗೆ ಬೇಕು? “ಕೋರ್ಟಿಂದು ಓದೇ ಊನಾ, ಜೈಲಿಂದು ಓದೇ,” ಎಂದು ಪೀಡಿಸುತ್ತಾರೆ. ಅವಳು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಾಳೆ. ಅಪ್ಪ ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಮೂಟೆ ಹೊರಲು ಹೋಗಿದ್ದಾನೆಂದೇ ಅವಳ ನಂಬಿಕೆ. ಇನ್ನೆರಡು ವಾರಕ್ಕೆ ಅವಳ ಮದುವೆ. ಹುಡುಗ ಗಾಡಿ ಮಾಡುವ ಬಡಗಿ, ಮರ್ಯಾದಸ್ಥರ ಮನೆ. ಆ ಮನೆಯವರೂ ಶನಿವಾರ ಅದೇ ಒಲೆಯ ಮುಂದೆ ಕೂತಿರುತ್ತಾರೆ.

ತನ್ನ ಹೆಸರನ್ನು ಅವರೆದುರು ಅವಳೇ ಓದಬೇಕಾಗಿ ಬಂದರೆ? ಮದುವೆ ಮುರಿಯುವುದು ಹಾಗಿರಲಿ, ಆಮೇಲೆ ಆ ಬೀದಿಯಲ್ಲಿ ಅವಳಿಗೆ ಒಂದು ಲೋಟ ಹಾಲು ಕೊಡುವವರೂ ಇರುವುದಿಲ್ಲ. ಬಾರ್ಟ್ಲಿಗೆ ಅಳು ಒತ್ತರಿಸಿ ಬಂತು. ಹಣೆಯನ್ನು ಗೋಡೆಗೆ ಒತ್ತಿ ನಿಂತುಕೊಂಡ.

ಕಾವಲಿನ ಲವೆಲ್ ತಟ್ಟೆ ತಂದಿಟ್ಟ. ಎರಡು ಮೊಟ್ಟೆ, ಹಂದಿಮಾಂಸ, ಬಿಸಿ ಚಹಾ.

“ತಿನ್ನಯ್ಯಾ. ಖಾಲಿ ಹೊಟ್ಟೇಲಿ ಮೇಲೆ ಹತ್ತಿ ಬವಳಿ ಬಂದು ಬಿದ್ದೀಯ. ಆಮೇಲೆ ನಾವು ನಗೆಪಾಟಲು.”

“ಇಳಿಯಲ್ಲ.”

“ಇವತ್ತು ನಮ್ಮಲ್ಲಿ ಗಂಟಲಿನ ಕಷ್ಟ ನಿನಗೊಬ್ಬನಿಗೇ ಅಲ್ಲ ಬಿಡು,” ಎಂದು ಲವೆಲ್ ಹಲ್ಲು ಕಿರಿದ. ಆಮೇಲೆ ದನಿ ತಗ್ಗಿಸಿದ. “ಡಬ್ಲಿನ್ ಪತ್ರಿಕೆಯವನು ನಿನ್ನ ಹೆಸರು ಹೇಳಿದರೆ ಒಂದು ಕಟ್ಟು ಹೊಗೆಸೊಪ್ಪು ಕೊಡ್ತಾನಂತೆ.”

“ನಿನಗೆ ಗೊತ್ತಿಲ್ಲವಲ್ಲ!”

“ಗೊತ್ತಿದ್ದಿದ್ದರೆ ನಾನು ಇಷ್ಟೊತ್ತಿಗೆ ಪೈಪು ಸೇದ್ತಾ ಕೂತಿರ್ತಿದ್ದೆ.”

ಆ ಡಬ್ಲಿನ್‌ನವನನ್ನು ಬಾರ್ಟ್ಲಿ ಬಲ್ಲ. ನಿನ್ನೆ ಮಧ್ಯಾಹ್ನ ಪೊಲೀಸರು ತನ್ನನ್ನು ರೈಲಿನಿಂದ ಇಳಿಸಿದಾಗ ಜನ ಮಣ್ಣಿನ ಹೆಂಟೆ ಎಸೆದಿದ್ದರು. ಒಬ್ಬ ಮುದುಕಿ ನುಗ್ಗಿ ಬಂದು ಮುಖಕ್ಕೇ ಉಗಿದಿದ್ದಳು. ಆ ಗದ್ದಲದಲ್ಲೂ ಅವನು ಪೆನ್ಸಿಲ್ ಹಿಡಿದು ಪಕ್ಕದಲ್ಲೇ ಓಡುತ್ತ, “ಯಾವೂರಯ್ಯಾ ನಿಂದು? ಹೆಂಡತಿ ಮಕ್ಕಳು ಇದ್ದಾರಾ?” ಎಂದು ಕೇಳುತ್ತಿದ್ದ. ಈಗ ಅದೇ ಜನ ಗೋಡೆಯಾಚೆ ಮಂಡಿಯೂರಿ ಜಪಮಾಲೆ ಹೇಳುತ್ತಿದ್ದರು. ಆ ಪ್ರಾರ್ಥನೆಯಲ್ಲಿ ತನ್ನ ಪಾಲು ಎಷ್ಟೆಂದು ಬಾರ್ಟ್ಲಿಗೆ ಚೆನ್ನಾಗಿ ಗೊತ್ತಿತ್ತು.

ತೂಕ ಹನ್ನೊಂದು ಸ್ಟೋನ್ ನಾಲ್ಕು ಪೌಂಡು, ಎತ್ತರ ಐದಡಿ ಎಂಟಂಗುಲ. ಜೈಲಿನ ವೈದ್ಯ ನಿನ್ನೆ ಬರೆಸಿದ ಈ ಅಂಕಿಗಳು ತಲೆಯಲ್ಲಿ ಗಿರಗಿರ ಸುತ್ತುತ್ತಿದ್ದವು. ಹಗ್ಗ ಗಿಡ್ಡವಾದರೆ ಬಹಳ ಹೊತ್ತು ಒದ್ದಾಟ. ಉದ್ದವಾದರೆ ಇನ್ನೂ ಘೋರ. ಲೆಕ್ಕ ತಪ್ಪದಿರಲಿ ತಾಯೀ ಎಂದು ಮೇರಿಮಾತೆಯನ್ನು ಬೇಡಿಕೊಂಡ.

ಎಂಟಕ್ಕೆ ಐದು ನಿಮಿಷವಿರುವಾಗ ಬಾಗಿಲು ತೆರೆಯಿತು. ಲವೆಲ್ ತಮಾಷೆ ಮಾಡಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿ, ಗಂಟು ಎರಡು ಸಲ ಎಳೆದು ನೋಡಿದ.

“ಗಟ್ಟಿಯಾಗಿದೆ. ನಿನ್ನ ಹೆತ್ತವಳಿಗೂ ಗುರುತು ಸಿಗಲ್ಲ.”

ಅಂಗಳದ ಗೋಡೆಗೆ ಒರಗಿ ಪತ್ರಿಕೆಯವರು ಮೂವರೂ ನಿಂತಿದ್ದರು. ಅವರು ಹಾಳೆ ಮಗುಚುವ ಸದ್ದು ಬಾರ್ಟ್ಲಿಗೆ ಕೇಳಿಸಿತು. ಮೊದಲ ಮೆಟ್ಟಿಲಲ್ಲೇ ಅವನು ಎಡವಿದ. ಲವೆಲ್ ಬೆನ್ನಿಗೆ ಕೈ ಕೊಟ್ಟು ಮೇಲಕ್ಕೆ ದಾಟಿಸಿದ. ಪಾದ್ರಿಗಳು ಕೊನೆಯ ಪ್ರಾರ್ಥನೆ ಮುಗಿಸಿ ಹಿಂದೆ ಸರಿದರು. ಕೊರಳಿಗೆ ಹಗ್ಗ ಬಿದ್ದಿತ್ತು. ಹಲಗೆಯ ಮೇಲೆ ಉಳಿದವರು ಇಬ್ಬರೇ, ಇಬ್ಬರ ಮುಖವೂ ಬಟ್ಟೆಯೊಳಗೆ, ಒಬ್ಬನ ಉಸಿರು ಇನ್ನೊಬ್ಬನಿಗೆ ಕೇಳಿಸುವಷ್ಟು ಹತ್ತಿರ.

“ನಿನ್ನ ಹೆಸರೇನಪ್ಪಾ?” ಎಂದು ಪಕ್ಕದವನು ಪಿಸುಗುಟ್ಟಿದ.

ಬಾರ್ಟ್ಲಿ ಬೆಚ್ಚಿಬಿದ್ದ. “ಯಾಕೆ?”

“ನಿನಗೋಸ್ಕರ ಪ್ರಾರ್ಥನೆ ಮಾಡಬೇಕು. ಹೆಸರೇ ಗೊತ್ತಿಲ್ಲದೆ ಯಾರನ್ನ ಕ್ಷಮಿಸು ಅಂತ ದೇವರನ್ನ ಕೇಳಲಿ? ಹೇಳು. ನಾನು ಯಾರಿಗೂ ಹೇಳಲ್ಲ.”

ಬಾರ್ಟ್ಲಿ ಅವನ ಕಿವಿಯ ಹತ್ತಿರ ಬಾಗಿ ತನ್ನ ನಿಜವಾದ ಹೆಸರು ಹೇಳಿದ. ಆಮೇಲೆ ಅವನ ಕೊರಳ ಕುಣಿಕೆಯನ್ನು ಇನ್ನೊಮ್ಮೆ ಸರಿಮಾಡಿ, ಹಲಗೆಯಿಂದಾಚೆ ಕಾಲಿಟ್ಟು, ಅದನ್ನು ಕಳಚುವ ಹಿಡಿಯನ್ನು ಕೈಯಾರೆ ಎಳೆದ.