ಬಿಷಪ್ಪನಿಗೆ ತಕ್ಕ ಕೋಲು

ಕ್ಲೆಮ್ ಅಕ್ಕನ ಗಾಳದ ಕೋಲನ್ನು ಗಾಳಿಯಲ್ಲಿ ಸುಯ್ಯೆಂದು ಬೀಸಿದ್ದೇ ತಡ, ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದ ಲೆಟಿ ಕಿರುಚಿದಳು. ಎಂಥ ಕಿರುಚಾಟವೆಂದರೆ, ಆಚೆ ಬೀದಿಯ ಪಾದ್ರಿ ಪ್ರಳಯವೇ ಬಂತೆಂದು ಚರ್ಚಿನ ಗಂಟೆ ಹೊಡೆಯಲು ಓಡಿದ.

“ಏಯ್! ಅದೇನು ನೊಣ ಓಡಿಸೋ ಕೋಲೇನೋ?”

“ಅಂಗಡೀಲಿ ಎಲ್ಲಾರೂ ಹೀಗೇ ಬೀಸಿ ನೋಡ್ತಾರಲ್ಲಕ್ಕ.”

“ಎಲ್ಲಾರೂ ಕತ್ತೆಗಳು. ಬೀಸಿದ್ರೆ ಗಾಳಿ ಸಿಗತ್ತೆ, ಮೀನು ಸಿಗಲ್ಲ. ಬಿದಿರಿನ ಕೋಲನ್ನ ಬಗ್ಗಿಸಿ ನೋಡ್ಬೇಕು ಕಣೋ, ಬಗ್ಗಿಸಿ!”

ಮಾರನೆಯ ದಿನ ಜೂನ್ ಹದಿನಾರು, ಗಾಳದ ಹಂಗಾಮು ತೆರೆಯುವ ದಿನ. ಅಂದು ಊರ ದೊಡ್ಡ ಬಂಗಲೆಯ ಕೊಳಕ್ಕೆ ಹೊಸಕಾಲದ ಕಾರ್ಬನ್ ಕೋಲು ತಂದವರನ್ನು ಗೇಟಿನೊಳಗೆ ಬಿಡುವುದಿಲ್ಲ. ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಹಳೇ ಕಾಲದ ಕೋಲೇ ಬೇಕು. ಒಂದು ಮನೆಗೆ ಒಬ್ಬರಿಗೇ ಜಾಗ. ಆ ಕೊಳದಲ್ಲಿರುವ ಗೆಂಡೆ ಮೀನಿಗೆ ಊರವರು ಇಟ್ಟ ಹೆಸರು ಬಿಷಪ್. ಅವನು ಮಗ್ಗುಲು ಬದಲಿಸಿದರೆ ದಂಡೆಯ ಹಸುಗಳಿಗೆ ಸ್ನಾನವಾಗುತ್ತದೆ. ದಡದಲ್ಲಿ ಯಾರಾದರೂ ಬಿಸ್ಕತ್ತು ಮುರಿದರೆ ಅದು ಯಾವ ಬಿಸ್ಕತ್ತೆಂದು ಅವನಿಗೆ ನೀರೊಳಗೇ ತಿಳಿಯುತ್ತದೆ. ಇಂಥವನನ್ನು ಕೂತು ಕಾದು ಹಿಡಿಯಲಾಗದು. ಬೆಕ್ಕಿನಂತೆ ಹೊಂಚಿ, ನೀರಿಗೆ ಬಾಗಿದ ವಿಲೋ ಮರದಡಿ ಮಂಡಿಯೂರಿ ಸಾಗಿ, ಅವನ ಮೂಗಿನ ಮುಂದೆ ಗಾಳ ಇಳಿಸಬೇಕು. ಒಮ್ಮೆ ಲೆಟಿ ಅವನನ್ನು ಕೊಕ್ಕೆಗೆ ಸಿಕ್ಕಿಸಿದ್ದಳು. ಕೈಗೆ ಬರುವಷ್ಟರಲ್ಲಿ ದಾರ ಹರಿದಿತ್ತು. ಆ ದಾರದೊಂದಿಗೆ ಅವಳ ನಿದ್ದೆಯೂ ಹರಿದುಹೋಗಿತ್ತು.

“ನಂಗೆ ಈ ಉದ್ದದ್ದೇ ಇಷ್ಟ. ನೋಡು, ಎಂಥ ಬಂಗಾರದ ಬಣ್ಣ!” ಎಂದ ಕ್ಲೆಮ್.

“ಉದ್ದ ಕೋಲು ತಗೊಂಡು ವಿಲೋ ಅಡಿ ನುಗ್ಗಿದ್ರೆ ಗುಬ್ಬಿಗೂಡು ಸಿಗತ್ತೆ, ಗೆಂಡೆ ಅಲ್ಲ. ಆ ಗಿಡ್ಡದ್ದು ಇಲ್ಲಿ ಕೊಡು. ಅಲ್ಲಾ, ಕೋಲು ಹೊರಗೆ ತಂದಿಡು ಅಂದ್ರೆ ನಿಂಗ್ಯಾಕೋ ಇಷ್ಟಾನಿಷ್ಟ? ನೀನು ಬಲೆ ಹೊರೋನು ತಾನೆ?”

ಕ್ಲೆಮ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಅದೇನಂದ್ರೆ... ಗಾಳದ ಕ್ಲಬ್ಬಿನ ಸೆಕ್ರೆಟರಿಗೆ ಹೇಳ್ಬಿಟ್ಟೆ. ಈ ಸಲ ನಿನ್ನ ಬದಲು ನಾನು ಬರ್ತೀನಿ ಅಂತ. ಮಂಡಿ ಬಗ್ಗದೆ ಹೊಂಚೋಕಾಗತ್ತೇನಕ್ಕ? ಡಾಕ್ಟ್ರು ಹೇಳಿದ್ದು ಮರೆತ್ಯಾ?”

ಆ ಗಳಿಗೆಯಲ್ಲಿ ಲೆಟಿಯ ನೆತ್ತಿಯ ಮೇಲೆ ಕೆಟಲ್ ಇಟ್ಟಿದ್ದರೆ ಇಡೀ ಸಫೊಕ್ ಸೀಮೆಗೆ ಚಹಾ ಆಗುತ್ತಿತ್ತು, ಹಾಲು ಬೇರೆ ಬಿಸಿ ಮಾಡಬೇಕಿರಲಿಲ್ಲ. ಆದರೆ ಬಾಯಿ ತೆರೆದಾಗ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ಕ್ಲೆಮ್ ಆಗಲೇ ಹೆದರಬೇಕಿತ್ತು.

“ಸರಿ. ಕೋಲು ಪರೀಕ್ಷೆ ಮಾಡೇಬಿಡೋಣ. ಈ ದಾರಾನ ನಿನ್ನ ಬೆಲ್ಟಿಗೆ ಕಟ್ಕೊಂಡು ಓಡು.”

“ನಾನಾ?”

“ಮೀನು ಮಾತಾಡಲ್ಲ. ಓಡೋ!”

ಎರಡು ಮೂಟೆ ಆಲೂಗಡ್ಡೆಯ ತೂಕದ ಆಸಾಮಿ ಓಡಿದ. ಕೋಲಿನ ದಾರದ ರಾಟೆ ಕಿರ್ರೆಂದಿತು. ಗಿಡ್ಡ ಕೋಲು ತುದಿಯಿಂದ ಬಾಗುತ್ತ, ಹೊಟ್ಟೆಯಲ್ಲಿ ಬಾಗುತ್ತ, ಅವಳ ಅಂಗೈಯಡಿಯ ಹಿಡಿಕೆಯವರೆಗೂ ಬಾಗಿ ಕಮಾನಾಯಿತು. ಬಿದಿರು ಲಟಕ್ಕೆನ್ನಲಿಲ್ಲ. ಕ್ಲೆಮ್ ನಿಜವಾದ ಗೆಂಡೆಯ ಹಾಗೆಯೇ ಮುಳ್ಳುಪೊದೆಯತ್ತ ತಿರುಗಿದ. ಅವಳು ಕೋಲನ್ನು ನೆಲದ ಮಟ್ಟಕ್ಕೆ ಮಲಗಿಸಿ ಅವನ ಸೊಂಟವನ್ನೇ ತಿರುಗಿಸಿದಳು. ಬಟ್ಟೆ ಒಣಹಾಕಿದ ಹಗ್ಗದಡಿ ನುಸುಳಿದ. ಮೈಗೆ ಸುತ್ತಿಕೊಂಡ ಹಾಸಿಗೆ ಹೊದಿಕೆ ಸಮೇತ ಅವನನ್ನು ಎಳೆದಳು. ಪ್ರತಿ ಎಳೆತಕ್ಕೂ ಒಂದೊಂದು ಮಾತು: “ನನ್ನ ಬದಲಾ? ನನ್ನ ಕೊಳಕ್ಕೆ? ನನ್ನ ಬಿಷಪ್ಪನ ಹತ್ರ? ನನ್ನ ಕೇಳದೆ?” ಕೋಸಿನ ಮಡಿಯಲ್ಲಿ ಅವನು ಮುಗ್ಗರಿಸಿಬಿದ್ದ. ಅಲ್ಲಿಂದ ಕುರ್ಚಿಯ ಕಾಲಬುಡದವರೆಗೆ ಬಂದಿದ್ದು ಹೊಟ್ಟೆಯ ಮೇಲೆ. ಇಷ್ಟು ದೊಡ್ಡ ಮೀನನ್ನು ಇಂಗ್ಲೆಂಡಿನ ಒಣನೆಲದಲ್ಲಿ ಅದಕ್ಕೆ ಮೊದಲು ಯಾರೂ ಹಿಡಿದಿರಲಿಲ್ಲ.

“ಸಾಕಕ್ಕ, ಸಾಕು!” ಬಾಯಿಗೆ ಹೊಕ್ಕಿದ್ದ ಕೋಸಿನೆಲೆ ಉಗಿದು ಅವನು ಏದುಸಿರು ಬಿಟ್ಟ. “ಗೊತ್ತಾಯ್ತು, ಗಿಡ್ಡದ್ದೇ ಸರಿ. ನಾಳೆ ಅದನ್ನೇ ತಗೊಂಡ್ಹೋಗ್ತೀನಿ.”

ಇಷ್ಟು ಎಳೆದಾಡಿದರೂ ತಮ್ಮನಿಗೆ ಗೊತ್ತಾಗಿದ್ದು ಕೋಲಿನ ವಿಷಯ ಮಾತ್ರ! ಲೆಟಿಗೆ ಅವನ ಬೆಲ್ಟನ್ನೇ ಬಿಚ್ಚಿ ಬಾರಿಸೋಣವೆನ್ನಿಸಿತು.

“ಈ ಕೋಲು ಯಾರ ಕೈಗೂ ಹೋಗಲ್ಲ. ಈಗಿಂದೀಗ್ಲೇ ಸೆಕ್ರೆಟರಿ ಮನೆಗೆ ಹೋಗು. ಈ ಮನೆಯಿಂದ ಬರೋದು ಲೆಟಿ ಗ್ಯಾರಡ್ ಅಂತ ಹೇಳಿ ಬಾ.”

“ಅಕ್ಕಾ, ನಿನ್ನ ಮಂಡಿ...”

“ಹಾವಿಗೆ ಮಂಡಿ ಎಲ್ಲಿದೆಯೋ, ಮುಠ್ಠಾಳ?”

ಅವನ ಬೆಲ್ಟಿನಿಂದ ದಾರ ಬಿಚ್ಚಿ ಸುತ್ತಿಕೊಂಡು ಅವಳು ಕುರ್ಚಿಯಿಂದ ಜಾರಿದಳು. ಮಂಡಿಗಳೆರಡೂ ಸುತ್ತಿಗೆಯ ಏಟು ಬಿದ್ದಂತೆ ಚೀರಿದವು. ಅವಳ ಬಾಯಿ ಮಾತ್ರ ಚೀರಲಿಲ್ಲ. ಎಬ್ಬಿಸಲು ಕ್ಲೆಮ್ ಕೈ ಚಾಚಿದ.

“ಮುಟ್ಟಿದ್ರೆ ಕಚ್ತೀನಿ,” ಎಂದು ಬುಸುಗುಟ್ಟಿದಳು.

ಹೊಟ್ಟೆಯನ್ನು ನೆಲಕ್ಕೊತ್ತಿ, ಕೋಲನ್ನು ಮುಂದೆ ಚಾಚಿ, ಮೊಣಕೈ ಊರುತ್ತ ಹುಲ್ಲಿನೊಳಗೆ ಹೊಕ್ಕಳು. ಅಲ್ಲೊಂದು ಕರಿಹಕ್ಕಿ ಎರೆಹುಳುವನ್ನು ಮಣ್ಣಿನಿಂದ ಜಗ್ಗುತ್ತಿತ್ತು. ಲೆಟಿ ಅದರ ಬಾಲದ ಪಕ್ಕದಲ್ಲೇ ಹಾದುಹೋದಳು. ಅದು ಜಗ್ಗುವುದನ್ನು ನಿಲ್ಲಿಸಲಿಲ್ಲ.