ಕಡಲ ದಂಡೆಯ ಗುಡಿಗೆ ಹರಳೆಣ್ಣೆ

ಮಕ್ಕಳೇ, ಕರೆಂಟು ಹೋದಾಗ ನೀವು ಮೇಣದ ಬತ್ತಿ ಹಚ್ಚಿದರೆ, ಆ ವಾಸನೆಗೆ ನನಗೆ ದೊಡ್ಡೇರಿಯ ನಮ್ಮ ಮನೆಯ ಬಾಣಂತಿ ಕೋಣೆ ನೆನಪಾಗುತ್ತದೆ.

ಅಂದು ಮಧ್ಯಾಹ್ನವಾದರೂ ಅವ್ವನಿಗೆ ಹೆರಿಗೆಯಾಗಿರಲಿಲ್ಲ. ನರಳುವ ಶಕ್ತಿಯೂ ಉಳಿದಿರಲಿಲ್ಲ. ಮಧುಗಿರಿಯಿಂದ ಬಂದಿದ್ದ ನರ್ಸಮ್ಮ ಮಂಗಳೂರು ಕಡೆಯ ಕ್ರೈಸ್ತರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಿ, ಅವ್ವನ ಸೊಂಟ ನೀವುತ್ತಾ, ತಮ್ಮೂರ ಕಡಲ ದಂಡೆಯ ಹಳೆಯ ಇಗರ್ಜಿಯ, ಅಂದರೆ ಚರ್ಚಿನ, ಕಥೆ ಹೇಳಿದರು. ಒಮ್ಮೆ ಬಿರುಗಾಳಿಗೆ ಊರಿನ ದೀಪಗಳೆಲ್ಲ ಆರಿದವಂತೆ. ಇಗರ್ಜಿಯ ಮಾತೆಯ ಮುಂದಿನ ಮೇಣದ ಬತ್ತಿ ಮಾತ್ರ ಆರಲಿಲ್ಲವಂತೆ. ಅದರ ಬೆಳಕು ಹಿಡಿದೇ ದೋಣಿಗಳು ದಡ ಸೇರಿದವಂತೆ.

“ಕಡ್ಲು ಅಂದ್ರೆ ನಮ್ಮ ಕೆರೆಗಿಂತ ದೊಡ್ಡದಾ ತಾಯಿ?” ಎಂದಳು ನಮ್ಮಜ್ಜಿ.

“ಆಚೆ ದಡವೇ ಕಾಣೋದಿಲ್ಲ ಅಜ್ಜಿ.”

“ಅಂಗಾದ್ರೆ ಆಯಮ್ಮಂಗೆ ನಮ್ಮನೆ ಯಾವ ದೂರ? ನನ್ನ ಸೊಸೇನೂ ದಡ ಸೇರಿಸ್ಲಿ.”

ಹೊತ್ತು ಇಳಿಯುವಾಗ ನನ್ನ ತಮ್ಮ ಹುಟ್ಟಿದ. ಅವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಅಜ್ಜಿ ದೇವರ ದೀಪಕ್ಕೆ ಮೀಸಲಿಟ್ಟಿದ್ದ ಹರಳೆಣ್ಣೆಯನ್ನು ಸೀಸೆಗೆ ತುಂಬಿ ತಂದು, “ನಿಮ್ಮ ಗುಡಿಗೆ” ಎಂದಳು.

“ಅಲ್ಲಿ ಹಚ್ಚೋದು ಮೇಣದ ಬತ್ತಿ, ಅಜ್ಜಿ.”

“ಹಚ್ಲಿ ಬುಡು. ಗಾಳಿ ಬಂದಾಗ ಜೊತೆಗೆ ಇದೂ ಒಂದು ಉರೀಲಿ ಕಣಮ್ಮ.”

ನರ್ಸಮ್ಮ ಸೀಸೆಯನ್ನು ಸೆರಗಿನಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡೇ ಗಾಡಿ ಹತ್ತಿದರು.