ಅಕ್ಕನ ನಗು

ನಗು ಹೊರಬಿದ್ದ ಮೇಲೆಯೇ ಅದು ಎಷ್ಟು ಜೋರಾಗಿತ್ತೆಂದು ಅವಳಿಗೆ ತಿಳಿದದ್ದು. ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಹೆಡ್‌ಮಿಸ್ಸು, "ಏನ್ರೀ ಇದು, ಸಂಗೀತವೋ, ಕುಕ್ಕರ್ ಸೀಟಿಯೋ?" ಎಂದಿದ್ದರು, ಅಷ್ಟೇ. ಮುಗುಳ್ನಕ್ಕಿದ್ದರೆ ಸಾಕಿತ್ತು. ಶಾಲೆಯ ಆಫೀಸಿಗೆ ಹೊಸದಾಗಿ ಸೇರಿದ್ದ ಅವಳು, ಅವರಿಗೆ ಖುಷಿಯಾಗಲಿ ಎಂದು ಇನ್ನಷ್ಟು ನಕ್ಕಿದ್ದಳು.

ವಸಂತ ಸಂಗೀತೋತ್ಸವದ ವೇದಿಕೆಯಲ್ಲಿ, ದೊಡ್ಡ ಗಾಯನ ತಂಡ ಇಳಿದು ಡೋಲಿನವರು ಹತ್ತುವ ನಡುವೆ ಒಬ್ಬನೇ ನಿಂತು ಮೌತ್ ಆರ್ಗನ್ ನುಡಿಸುತ್ತಿದ್ದವನು ಅವಳ ತಮ್ಮ, ಟೈಲರ್. ತಾನೇ ಹೊಲಿದ ಕೋಟು ಹಾಕಿಕೊಂಡಿದ್ದ. ಉಸಿರು ತಪ್ಪಿ ಸ್ವರ ಮತ್ತೆ ಮತ್ತೆ ಕೀರಲಾಗುತ್ತಿತ್ತು. "ಎಲ್ಲಿ ಕೂತಿರ್ತೀಯ ಹೇಳಕ್ಕಾ, ಆ ಕಡೆ ನೋಡ್ಕೊಂಡು ನುಡಿಸ್ತೀನಿ. ಇಲ್ದಿದ್ರೆ ನಂಗೆ ಉಸಿರೇ ಬರಲ್ಲ" ಎಂದು ಬೆಳಿಗ್ಗೆ ಕೇಳಿದ್ದ. "ಎಲ್ಲೋ ಹಿಂದೆ ಇರ್ತೀನಿ ಬಿಡೋ" ಎಂದು ಅವಳು ಮಾತು ತೇಲಿಸಿದ್ದಳು.

ಈಗ ಅವನು ನುಡಿಸುತ್ತಲೇ ತಲೆಯೆತ್ತಿದ. ಕತ್ತಲಲ್ಲಿ ಕೂತವರ ಮುಖ ಅವನಿಗೆ ಕಾಣುವಂತಿರಲಿಲ್ಲ. ಆದರೆ ಅಕ್ಕನ ನಗು ಚಿಕ್ಕಂದಿನಿಂದ ಗೊತ್ತು. ಅದು ಬಂದ ಕಡೆಗೆ ಪೂರ್ತಿ ತಿರುಗಿ ನಿಂತ. ಬಿಗಿದಿದ್ದ ಭುಜ ಸಡಿಲವಾಯಿತು, ಉಸಿರು ಹಿಡಿತಕ್ಕೆ ಬಂತು, ಸ್ವರ ನೇರವಾಯಿತು. ಸಭೆ ಸದ್ದಿಲ್ಲದೆ ಕೇಳತೊಡಗಿತು.

"ಅಯ್ಯೋ, ನಮ್ಮನ್ನೇ ನೋಡ್ತಿದಾನಲ್ರೀ! ಕೇಳಿಸಿಬಿಡ್ತಾ?" ಹೆಡ್‌ಮಿಸ್ಸು ಪಿಸುಗುಟ್ಟಿದರು. "ಯಾರವನು, ನಿಮಗೆ ಗೊತ್ತಾ?"

ನನ್ನ ತಮ್ಮ ಎನ್ನಬೇಕಾದರೆ ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಬೇಕಿತ್ತು. ವೇದಿಕೆಯಿಂದ ತಮ್ಮ, ಅವಳಿದ್ದ ಕತ್ತಲೆಯತ್ತ ಕಣ್ಣಲ್ಲೇ ನಕ್ಕ. ಅವಳ ಕೈ ಬಾಯಿಯ ಮೇಲೇ ಉಳಿಯಿತು.